ಮದ್ದು ತರದ ಮಾರ್ಷಲ್ ವಾರ್ಡ್

ಬಿ.ಎಸ್ಸಿ. ಮುಗಿಸಿ, ಎರಡು ಸ್ಪರ್ಧಾತ್ಮಕ ಪರೀಕ್ಷೆ ಬರೆದು, ಎರಡರ ಪಟ್ಟಿಯಲ್ಲೂ ಹೆಸರು ಕಾಣದೆ ಊರಿಗೆ ಬಂದಿದ್ದೆ. ಮುಂಗಾರಿಗೆ ಮೊದಲು ನಮ್ಮ ಕಾಫಿ ತೋಟದಲ್ಲಿ ಬೋರ್ಡೋ ಹೊಡೆಯುವ ಕೆಲಸ. ಎಲೆಯ ಮೇಲೆ ಸಿಂಪಡಿಸುತ್ತಿದ್ದ ನನ್ನನ್ನು ಅಪ್ಪ ತಡೆದು, ಎಲೆಯ ಅಡಿ ನೆನೆಯಬೇಕು, ಕೆಳಗಿನಿಂದ ಹೊಡಿ ಅಂದರು. ಯಾಕೆಂದು ಅವರಿಗೆ ಗೊತ್ತಿರಲಿಲ್ಲ, ಅಜ್ಜ ಹಾಗೆ ಕಲಿಸಿದ್ದರಂತೆ. ಸಸ್ಯಶಾಸ್ತ್ರ ಓದಿದ ನನಗೂ ತಕ್ಷಣ ಹೊಳೆಯಲಿಲ್ಲ, ಅದೇ ನಾಚಿಕೆ. ಕಾಫಿ ಎಲೆಯ ಪತ್ರರಂಧ್ರಗಳು ಇರುವುದು ಅಡಿಭಾಗದಲ್ಲಿ. ತುಕ್ಕು ರೋಗದ ಶಿಲೀಂಧ್ರ ಒಳನುಗ್ಗುವುದು ಆ ಬಾಗಿಲಿನಿಂದಲೇ. ಇದನ್ನು ಮೊದಲು ವಿವರವಾಗಿ ತೋರಿಸಿದವರು ಯಾರೆಂದು ಹುಡುಕಿದಾಗ ಸಿಕ್ಕವರು ಹ್ಯಾರಿ ಮಾರ್ಷಲ್ ವಾರ್ಡ್.

ಇಂಗ್ಲೆಂಡಿನ ಹೆರೆಫರ್ಡ್‌ನಲ್ಲಿ 1854ರಲ್ಲಿ ಹುಟ್ಟಿದ ವಾರ್ಡ್ ಕೇಂಬ್ರಿಜ್‌ನಲ್ಲಿ ಓದಿದರು. 1880ರಲ್ಲಿ ಸಿಲೋನ್‌ಗೆ, ಅಂದರೆ ಇಂದಿನ ಶ್ರೀಲಂಕಾಕ್ಕೆ, ಎರಡು ವರ್ಷದ ಸರ್ಕಾರಿ ಕೆಲಸದ ಮೇಲೆ ಹೊರಟಾಗ ಅವರಿಗೆ ಇನ್ನೂ 26 ತುಂಬಿರಲಿಲ್ಲ. ನಮ್ಮಲ್ಲಿ ಅನೇಕರು ಅರ್ಜಿ ತುಂಬುತ್ತಾ ಕೂತಿರುವ ವಯಸ್ಸು. ಅಲ್ಲಿ ತುಕ್ಕು ರೋಗ ಕಾಣಿಸಿಕೊಂಡದ್ದು 1869ರಲ್ಲಿ. ವಾರ್ಡ್ ಹೋಗುವ ಹೊತ್ತಿಗೆ ಬೆಟ್ಟಬೆಟ್ಟಗಳ ಕಾಫಿ ಎಲೆ ಉದುರಿ ಬೋಳಾಗುತ್ತಿತ್ತು. ಬೆಳೆಗಾರರಿಗೆ ಬೇಕಿದ್ದದ್ದು ಮದ್ದು.

ವಾರ್ಡ್ ಮಾತ್ರ ಎಲೆ ನೋಡುತ್ತಾ ಕೂತರು. ಎಲೆಯ ಮೇಲೆ ನೀರಿನ ಹನಿ ಇಟ್ಟು, ಅದರಲ್ಲಿ ಕಿತ್ತಳೆ ಬಣ್ಣದ ಬೀಜಕಣಗಳನ್ನು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ಹಿಂಬಾಲಿಸಿದರು. ನೀರಿದ್ದರೆ ಕಣ ಮೊಳೆಯುತ್ತದೆ, ಮೊಳಕೆಯ ಎಳೆ ತೆವಳುತ್ತಾ ಪತ್ರರಂಧ್ರ ಸಿಕ್ಕ ಕಡೆ ಒಳಗಿಳಿಯುತ್ತದೆ. ಅಂಟು ಸವರಿದ ಗಾಜಿನ ತುಂಡುಗಳನ್ನು ತೋಟದಲ್ಲಿಟ್ಟು, ಗಾಳಿಯಲ್ಲಿ ಬಂದ ಕಣಗಳನ್ನೂ ಹಿಡಿದರು. ಒಂದೇ ಬೆಳೆಯನ್ನು ಮೈಲಿಗಟ್ಟಲೆ ಹಬ್ಬಿಸಿದ್ದೇ ರೋಗಕ್ಕೆ ಹೆದ್ದಾರಿ ಮಾಡಿಕೊಟ್ಟಿತ್ತು. ಒಳಹೊಕ್ಕ ಶಿಲೀಂಧ್ರವನ್ನು ಹೊರಗಿನ ಮದ್ದು ಮುಟ್ಟದು, ಮೊಳೆಯುವ ಮುನ್ನವೇ ಎಲೆಯನ್ನು ಕಾಯಬೇಕು ಎಂಬುದು ಅವರ ತೀರ್ಮಾನ. ರೋಗ ಹತ್ತಿದ ತೋಟದವರಿಗೆ ಇದರಿಂದ ಏನೂ ದಕ್ಕಲಿಲ್ಲ. 1882ರಲ್ಲಿ ವಾರ್ಡ್ ಹಿಂತಿರುಗಿದರು, ಸಿಲೋನ್ ನಿಧಾನವಾಗಿ ಚಹಾಕ್ಕೆ ಹೊರಳಿತು. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಫ್ರಾನ್ಸಿನಲ್ಲಿ ಬೆಳಕಿಗೆ ಬಂದದ್ದು 1885ರಲ್ಲಿ. ಮೂರೇ ವರ್ಷದ ಅಂತರ! ಓದುವಾಗ ನನಗೇ ಹೊಟ್ಟೆ ಉರಿಯಿತು.

ವಾರ್ಡ್ ಆ ಬಾಗಿಲನ್ನು ಮರೆಯಲಿಲ್ಲ. 1895ರಲ್ಲಿ ಕೇಂಬ್ರಿಜ್‌ನಲ್ಲಿ ಪ್ರಾಧ್ಯಾಪಕರಾದ ಮೇಲೆ ಬ್ರೋಮ್ ಎಂಬ ಹುಲ್ಲುಗಳ ತುಕ್ಕು ರೋಗ ಹಿಡಿದು ಕೂತರು. ಕೆಲವು ಜಾತಿಗೆ ರೋಗ ಹತ್ತುತ್ತದೆ, ಕೆಲವಕ್ಕೆ ಇಲ್ಲ. ರಂಧ್ರ ಕಡಿಮೆ ಇರಬಹುದೇ, ಸಣ್ಣದಿರಬಹುದೇ ಎಂದು ಲೆಕ್ಕ ಹಾಕಿದರು. ಎರಡಕ್ಕೂ ಸಂಬಂಧವಿರಲಿಲ್ಲ. ಗಿಡ ತಡೆಯುವುದು ಬಾಗಿಲಿನ ಅಳತೆಯಿಂದಲ್ಲ, ಜೀವಕೋಶದೊಳಗಿನ ಗುಣದಿಂದ ಎಂದರು. 1906ರಲ್ಲಿ, 52ರ ವಯಸ್ಸಿನಲ್ಲಿ ತೀರಿಕೊಂಡರು.

ಸರಿಯಾಗಿ ನೂರು ವರ್ಷದ ನಂತರ, 2006ರಲ್ಲಿ, ಅಮೆರಿಕದ ವಿಜ್ಞಾನಿಗಳು ಸಾಸಿವೆ ಜಾತಿಯ ಪುಟ್ಟ ಗಿಡವೊಂದರಲ್ಲಿ ಇನ್ನೊಂದು ಸಂಗತಿ ಕಂಡರು. ಎಲೆಯ ಮೇಲೆ ಬ್ಯಾಕ್ಟೀರಿಯಾ ಬಿದ್ದದ್ದನ್ನು ರಂಧ್ರದ ಎರಡು ಕಾವಲು ಕೋಶಗಳು ಗುರುತಿಸಿ, ಬಾಗಿಲನ್ನೇ ಮುಚ್ಚಿಬಿಡುತ್ತವೆ. ಕಿಲಾಡಿ ಬ್ಯಾಕ್ಟೀರಿಯಾ ಕೆಲವು ಗಂಟೆಗಳಲ್ಲೇ ತನ್ನದೊಂದು ವಿಷದಿಂದ ಅದನ್ನು ಮತ್ತೆ ತೆರೆಸುತ್ತದೆ. ಅದು ಬ್ಯಾಕ್ಟೀರಿಯಾದ ಕಥೆ, ಕಾಫಿ ತುಕ್ಕಿನದಲ್ಲ. ಆದರೂ ರಂಧ್ರಗಳನ್ನು ಎಣಿಸುತ್ತಾ ಕೂತಿದ್ದ ಮನುಷ್ಯ ಇದನ್ನು ನೋಡಬೇಕಿತ್ತು ಅನ್ನಿಸಿತು.

ಸಂಜೆ ಡ್ರಮ್ ತೊಳೆಯುವಾಗ ಅಪ್ಪನಿಗೆ ಇದೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಸಿಲೋನ್‌ನಿಂದ ಬಂದ ಮೇಲೆ ಆ ಹುಡುಗನಿಗೆ ಕೆಲಸ ಸಿಕ್ಕಿತಾ ಎಂದು ಕೇಳಿದರು. ಮೊದಲು ಮ್ಯಾಂಚೆಸ್ಟರ್‌ನಲ್ಲಿ ಸಿಕ್ಕಿತು ಅಂದೆ. ತಲೆಯಾಡಿಸಿ, ನಾಳೆಗೆ ಸುಣ್ಣ ನೆನೆಹಾಕಲು ಎದ್ದರು.