ಹತ್ಶೆಪ್ಸೂತಳ ಧೂಪದ ಗಿಡಗಳು

ಸಂಜೆ ದೇವರ ಮುಂದೆ ಕೆಂಡಕ್ಕೆ ಗುಗ್ಗುಳ ಹಾಕುವ ಮನೆಯಲ್ಲಿ ಬೆಳೆದವನು ನಾನು. ಆ ಹೊಗೆಯ ವಿಷಯವಾಗಿ ಎಂದೂ ಯೋಚಿಸಿದವನಲ್ಲ. ಈಜಿಪ್ಟಿನ ಹತ್ಶೆಪ್ಸೂತಳ ಚರಿತ್ರೆಯನ್ನು ಓದಿದಾಗ, ಒಂದು ಸಿಂಹಾಸನವು ಪರಿಮಳವನ್ನು ಆಧಾರವಾಗಿ ಬೇಡಿದ ಸಂಗತಿಯನ್ನು ಕಂಡು ಬೆರಗಾದೆ. ಆಕೆ ದೂರದೇಶದಿಂದ ತರಿಸಿದ ಅಂಟನ್ನು ಹೆಚ್ಚಿನ ವಿದ್ವಾಂಸರು ರಕ್ತಬೋಳವೆಂದು ಗುರುತಿಸುತ್ತಾರೆ. ನಮ್ಮ ಗುಗ್ಗುಳದ ಗಿಡವೂ ಅದೇ ಕುಲದ್ದು.

ಆಕೆ ಮೊದಲನೆಯ ಥುಟ್‌ಮೋಸನ ಮಗಳು, ತಾಯಿ ಅಹ್ಮೋಸ್. ಅಲ್ಲಿಯ ಅರಮನೆಯ ಪದ್ಧತಿಯಂತೆ ಮಲಸೋದರನಾದ ಎರಡನೆಯ ಥುಟ್‌ಮೋಸನನ್ನೇ ವರಿಸಿದಳು. ನೆಫೆರೂರೆ ಎಂಬ ಮಗಳು ಹುಟ್ಟಿದಳು. ಕ್ರಿ.ಪೂ. 1479ರ ಸುಮಾರಿಗೆ ಪತಿ ತೀರಿಕೊಂಡಾಗ ಪಟ್ಟ ದೊರೆತುದು ಇನ್ನೊಬ್ಬಳ ಹೊಟ್ಟೆಯ ಎಳೆಯ ಮಗುವಿಗೆ. ಮಗುವಿನ ಹೆಸರಿನಲ್ಲಿ ರಾಜ್ಯಭಾರ ವಹಿಸಿದವಳು ಕೆಲವೇ ವರ್ಷಗಳಲ್ಲಿ ತಾನೇ ಫೇರೋ ಆದಳು. ಶಿಲ್ಪಗಳಲ್ಲಿ ಪುರುಷನ ಉಡುಪನ್ನೂ ಕೃತಕ ಗಡ್ಡವನ್ನೂ ಧರಿಸಿ ನಿಂತಳು. ಹಳೆಯ ಇತಿಹಾಸಕಾರರು ಆಕೆಯನ್ನು ಗದ್ದುಗೆ ಕದ್ದ ಮಲತಾಯಿಯೆಂದು ಜರೆದುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ಹುಡುಗನ ಪ್ರಾಣಕ್ಕೆ ಆಕೆ ಕೈಹಚ್ಚಲಿಲ್ಲ. ಶಾಸನಗಳಲ್ಲಿ ಅವನ ಹೆಸರನ್ನೂ ಅಳಿಸಲಿಲ್ಲ.

ಆದರೆ ಹೆಣ್ಣು ಫೇರೋ ಆಗುವುದಕ್ಕೆ ದೈವದ ಸಾಕ್ಷಿ ಬೇಕಾಗಿತ್ತು. ದೈರ್ ಎಲ್ ಬಹ್ರಿಯ ಬಂಡೆಯ ಬುಡದಲ್ಲಿ ಆಕೆ ಕಟ್ಟಿಸಿದ ಭವ್ಯ ದೇವಾಲಯದ ಗೋಡೆಯ ಮೇಲೆ ಆ ಸಾಕ್ಷಿಯನ್ನು ಕೆತ್ತಿಸಿದ್ದಾಳೆ. ಅಮುನ್ ದೇವನು ದೊರೆಯ ವೇಷದಲ್ಲಿ ತಾಯಿಯ ಅಂತಃಪುರಕ್ಕೆ ಬಂದನಂತೆ. ರಾಣಿ ಎಚ್ಚರಗೊಂಡುದು ಅವನ ಮೈಯ ಪರಿಮಳಕ್ಕೆ. ಅರಮನೆಯೆಲ್ಲ ಪುಂಟ್ ದೇಶದ ಸುಗಂಧದಿಂದ ತುಂಬಿತಂತೆ. ತಾನು ದೇವಪುತ್ರಿಯೆಂಬುದಕ್ಕೆ ಕಂಪೇ ಗುರುತು. ಧೂಪಕ್ಕೆ ಅವರಿಟ್ಟ ಹೆಸರಿಗೂ ದೈವತ್ವವನ್ನುಂಟುಮಾಡುವುದು ಎಂಬ ಅರ್ಥವನ್ನೇ ಹೇಳುತ್ತಾರೆ.

ಆ ಪುಂಟ್ ಕೆಂಪು ಸಮುದ್ರದ ದಕ್ಷಿಣದಲ್ಲಿ, ಇಂದಿನ ಎರಿಟ್ರಿಯ, ಸೊಮಾಲಿಯಗಳ ಕಡೆ ಇದ್ದಿರಬೇಕೆಂದು ಊಹೆ. ಆಳ್ವಿಕೆಯ 9ನೆಯ ವರ್ಷ ಅಮುನ್ ದೇವನ ಅಪ್ಪಣೆಯಾಯಿತೆಂದು ಹೇಳಿ ಆಕೆ ಅಲ್ಲಿಗೆ ಹಡಗುಗಳನ್ನು ಕಳುಹಿಸಿದಳು. ಶಿಲ್ಪದಲ್ಲಿ 5 ಹಡಗುಗಳಿವೆ. ಕಂಬಗಳ ಮೇಲೆ ನಿಂತ ಗುಡಿಸಲುಗಳು, ಅವುಗಳಿಗೆ ಹತ್ತುವ ಏಣಿಗಳು, ಎದುರುಗೊಳ್ಳುವ ನಾಯಕ ಪರೆಹು ಮತ್ತು ಅವನ ಸ್ಥೂಲಕಾಯದ ಮಡದಿ ಅತಿ. ಹಡಗಿನ ಅಡಿಯ ಮೀನುಗಳನ್ನಂತೂ ಜಾತಿ ಹೇಳುವಷ್ಟು ನಿಜವಾಗಿ ಬಿಡಿಸಿದ್ದಾರೆ. ಆಳುಗಳು ಬುಟ್ಟಿಗಳಲ್ಲಿ ಬೇರುಮಣ್ಣು ಸಹಿತ ಗಿಡಗಳನ್ನಿಟ್ಟು, ಅಡ್ಡೆಗೆ ಕಟ್ಟಿ ಹೆಗಲ ಮೇಲೆ ಹೊತ್ತು ನಡೆಯುವ ದೃಶ್ಯವೇ ನನಗೆ ಎಲ್ಲಕ್ಕಿಂತ ಪ್ರಿಯವಾದುದು. ಹಾಗೆ ಬಂದ ಜೀವಂತ ಗಿಡಗಳು 31. ಅಂಟನ್ನು ಕೊಂಡು ತರುವುದು ಹಿಂದಿನಿಂದಲೂ ಇದ್ದುದೇ; ಆಕೆ ಗಿಡವನ್ನೇ ತಂದು ದೇವರ ತೋಟದಲ್ಲಿ ನೆಡುವ ಸಾಹಸಕ್ಕೂ ಕೈಹಾಕಿದಳು. ಅಂಟಿನ ರಾಶಿಗಳನ್ನು ಅಳೆದು ಲೆಕ್ಕವಿಟ್ಟರು. ಆಕೆ ಸಮಸ್ತ ಜನರ ಎದುರಿಗೆ ಉತ್ತಮವಾದ ಸುಗಂಧವನ್ನು ತನ್ನ ಕೈಯಿಂದಲೇ ಮೈಗೆ ಲೇಪಿಸಿಕೊಂಡಳೆಂದೂ, ಚರ್ಮವು ಹೊನ್ನಿನಂತೆ ಹೊಳೆಯಿತೆಂದೂ ಶಾಸನ ವರ್ಣಿಸುತ್ತದೆ. ತಾಯಿಯ ಅಂತಃಪುರದಲ್ಲಿ ಹರಡಿದ ಕಂಪು ಈಗ ಮಗಳ ಮೈಯಿಂದ ಹೊಮ್ಮಬೇಕಾಗಿತ್ತು.

ಕ್ರಿ.ಪೂ. 1458ರ ಸುಮಾರಿಗೆ ಆಕೆ ತೀರಿಕೊಂಡಳು. ಅನಂತರ ಸುಮಾರು 20 ವರ್ಷಗಳ ಮೇಲೆ, ಮೂರನೆಯ ಥುಟ್‌ಮೋಸನ ಆಳ್ವಿಕೆಯ ಕೊನೆಗಾಲದಲ್ಲಿ, ಆಕೆಯ ಹೆಸರನ್ನೂ ರೂಪವನ್ನೂ ಹಲವೆಡೆ ಉಳಿಯಿಂದ ಕೆತ್ತಿ ತೆಗೆದರು. ದ್ವೇಷವಿದ್ದಿದ್ದರೆ ಇಷ್ಟು ಕಾಲ ಏಕೆ ಕಾಯಬೇಕಾಗಿತ್ತು? ಹಡಗುಗಳೂ ಬುಟ್ಟಿಯ ಗಿಡಗಳೂ ಗೋಡೆಯ ಮೇಲೆ ಉಳಿದುವು.

ದೇವಾಲಯಗಳಲ್ಲಿ ಉರಿಸುತ್ತಿದ್ದ ಕೈಫಿ ಎಂಬ ಮಿಶ್ರಧೂಪದ ವಿಧಾನವನ್ನು ಸಾವಿರ ವರ್ಷಗಳಿಗೂ ಈಚೆಗೆ ಎಡ್ಫು ಗುಡಿಯ ಗೋಡೆಯ ಮೇಲೆ ಬರೆದಿಟ್ಟರು: ಜೇನು, ದ್ರಾಕ್ಷಾರಸ, ಒಣದ್ರಾಕ್ಷಿ, ರಕ್ತಬೋಳ ಮೊದಲಾದುವು. ಈಜಿಪ್ಟಿನ ಗುಡಿಗಳ ಕಂಪೆಂದು ಇಂದು ಬೆಲೆಬಾಳುವ ಸೀಸೆಗಳಲ್ಲಿ ಮಾರುವವರು ಹೆಚ್ಚಾಗಿ ನೆಚ್ಚುವುದು ಇಂಥ ಪಟ್ಟಿಗಳನ್ನು. ಹತ್ಶೆಪ್ಸೂತಳದೇ ಪರಿಮಳ ದೊರೆತೀತೆಂಬ ಆಸೆ ಒಮ್ಮೆ ಹುಟ್ಟಿತ್ತು. ಜರ್ಮನಿಯ ಬಾನ್ ವಿಶ್ವವಿದ್ಯಾಲಯದಲ್ಲಿ ಆಕೆಯ ಹೆಸರು ಕೆತ್ತಿದ ಪುಟ್ಟ ಕುಪ್ಪಿಯೊಂದಿದೆ. ಒಳಗೆ ಒಣಗಿದ ಶೇಷವಿತ್ತು. 2011ರಲ್ಲಿ ಪರೀಕ್ಷೆಯ ಫಲ ಪ್ರಕಟವಾಯಿತು. ತಾಳೆ ಎಣ್ಣೆ, ಜಾಯಿಕಾಯಿಯ ಎಣ್ಣೆ, ಡಾಂಬರಿನ ಜಾತಿಯ ವಸ್ತು. ಅದು ಸುಗಂಧವಲ್ಲ, ಚರ್ಮದ ಕಾಯಿಲೆಗೆ ಹಚ್ಚುವ ಲೇಪವೆಂದು ಶೋಧಕರು ತಿಳಿಸಿದರು. ಹೊನ್ನಿನಂತೆ ಹೊಳೆಯಿತೆಂದು ಗೋಡೆಯ ಮೇಲೆ ಬರೆಸಿದ ಆ ಚರ್ಮಕ್ಕೆ.