ಅಟ್ಲಾಂಟಿಕ್‌ನಿಂದ ಹೊರಟ ಒಂಟಿಗಾಲ ಓಟ

ಬೈಂದೂರಿನಿಂದ ಬ್ರಹ್ಮಾವರದ ಕಡೆಗೆ ಹೆದ್ದಾರಿಯಲ್ಲಿ ಸೈಕಲ್ ತುಳಿಯುವಾಗಲೆಲ್ಲ ನನಗೆ ಕೆನಡಾದ ಟೆರ್ರಿ ಫಾಕ್ಸ್ ನೆನಪಾಗುತ್ತಾನೆ. ಕುಂದಾಪುರ ದಾಟಿ ತೆಕ್ಕಟ್ಟೆಯ ಆಸುಪಾಸಿಗೆ ಬರುವಷ್ಟರಲ್ಲಿ ನನ್ನ ಮೊಣಕಾಲುಗಳು ಸೋಲುತ್ತವೆ. ಸರಿಸುಮಾರು ಅಷ್ಟೇ ದೂರವನ್ನು, ಅಂದರೆ 42 ಕಿಲೋಮೀಟರುಗಳನ್ನು, ಆತ ಬಹುತೇಕ ದಿನವೂ ಕೃತಕ ಕಾಲಿನಲ್ಲಿ ಓಡುತ್ತಿದ್ದ.

1958ರಲ್ಲಿ ವಿನ್ನಿಪೆಗ್‌ನಲ್ಲಿ ಹುಟ್ಟಿದ ಟೆರ್ರಿ ಬ್ಯಾಸ್ಕೆಟ್‌ಬಾಲ್ ಆಟಗಾರ. 1977ರಲ್ಲಿ, ಹದಿನೆಂಟರ ಹರೆಯದಲ್ಲಿ, ಮೂಳೆಯ ಕ್ಯಾನ್ಸರ್ (ಮಕ್ಕಳನ್ನೂ ಹದಿಹರೆಯದವರನ್ನೂ ಹೆಚ್ಚಾಗಿ ಕಾಡುವ ಬಗೆಯದು) ಅವನ ಬಲಗಾಲನ್ನು ಕಿತ್ತುಕೊಂಡಿತು. ತಾನು ಬದುಕುಳಿಯುವ ಸಾಧ್ಯತೆ ಹೆಚ್ಚಿದ್ದು ಆಗಷ್ಟೇ ನಡೆದ ಸಂಶೋಧನೆಯಿಂದ ಎಂಬುದನ್ನು ಆತ ಅರಿತಿದ್ದ. ಚಿಕಿತ್ಸೆಯ ವೇಳೆ ಕಂಡ ಇತರರ ನರಳಾಟ ಅವನನ್ನು ಸುಮ್ಮನಿರಗೊಡಲಿಲ್ಲ.

1980ರ ಏಪ್ರಿಲ್ 12ರಂದು ಸೇಂಟ್ ಜಾನ್ಸ್‌ನಲ್ಲಿ ಅಟ್ಲಾಂಟಿಕ್‌ನ ನೀರಿಗೆ ಕೃತಕ ಕಾಲನ್ನು ಅದ್ದಿ ಓಡತೊಡಗಿದ. ಗುರಿ ಪೆಸಿಫಿಕ್. ಜೊತೆಗೆ ಗೆಳೆಯನೊಬ್ಬ ಓಡಿಸುವ ವ್ಯಾನು. ಮೊದಮೊದಲು ಕೂಡಿದ ಹಣ ಅತ್ಯಲ್ಪ. ಆದರೂ ತನ್ನ ಓಟವನ್ನು ಕಂಪನಿಗಳು ಜಾಹೀರಾತಿಗೆ ಬಳಸಿಕೊಳ್ಳಲು ಆತ ಒಪ್ಪಲಿಲ್ಲ. ಅಂಗಿಯ ತುಂಬ ಪ್ರಾಯೋಜಕರ ಲಾಂಛನ ಹೊತ್ತು ಸಾಗುವ ಇಂದಿನ ಸಹಾಯಾರ್ಥ ಸೈಕಲ್ ಜಾಥಾಗಳಿಗೆ ಈ ಸಂಗತಿ ಮರೆತಂತಿದೆ.

143 ದಿನ, 5,373 ಕಿಲೋಮೀಟರ್. ಸೆಪ್ಟೆಂಬರ್ 1ರಂದು ಥಂಡರ್ ಬೇ ಬಳಿ ಕೆಮ್ಮು, ಎದೆನೋವು ಅವನನ್ನು ತಡೆದು ನಿಲ್ಲಿಸಿದವು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿತ್ತು. ಪ್ರತಿಯೊಬ್ಬ ಕೆನಡಿಯನ್ನನಿಂದ ಒಂದೊಂದು ಡಾಲರ್ ಎಂಬುದು ಅವನ ಆಸೆಯಾಗಿತ್ತು. 1981ರ ಫೆಬ್ರವರಿಯಲ್ಲಿ ನಿಧಿ 2.4 ಕೋಟಿ ಡಾಲರ್ ದಾಟಿತು. ದೇಶದ ಜನಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಜೂನ್ 28ರಂದು, 23 ತುಂಬಲು ತಿಂಗಳಿರುವಾಗ, ಆತ ತೀರಿಕೊಂಡ. ಅದೇ ಸೆಪ್ಟೆಂಬರ್‌ನಲ್ಲಿ ಅವನ ಹೆಸರಿನ ಮೊದಲ ಓಟಕ್ಕೆ ಮೂರು ಲಕ್ಷ ಜನ ಬಂದಿದ್ದರು.