ಹುಟ್ಟಿದ ಮಗುವಿಗೆ ಮೊದಲ ಅಂಕ ಕೊಟ್ಟ ಡಾ. ವರ್ಜೀನಿಯಾ ಆಪ್ಗರ್

ಹೆರಿಗೆಯಾಗಿ ಮನೆಗೆ ಬರುವಾಗ ಆಸ್ಪತ್ರೆಯವರು ಕೊಡುವ ಡಿಸ್ಚಾರ್ಜ್ ಚೀಟಿಯಲ್ಲಿ ಮಗುವಿನ ತೂಕದ ಹತ್ತಿರ ಆಪ್ಗರ್ ಎಂದು ಬರೆದು 8, 9 ಎಂದು ಅಂಕಿ ಹಾಕಿರುವುದನ್ನು ಹಲವರು ನೋಡಿರಬಹುದು. ಅದು ಯಾವುದೋ ಔಷಧವೆಂದು ತಿಳಿದವರೂ ಇದ್ದಾರೆ. ಆದರೆ ಅದು ಅಮೆರಿಕದ ಒಬ್ಬ ವೈದ್ಯೆಯ ಹೆಸರು.

ವರ್ಜೀನಿಯಾ ಆಪ್ಗರ್ ಹುಟ್ಟಿದ್ದು 1909ರ ಜೂನ್ 7ರಂದು, ನ್ಯೂಜೆರ್ಸಿಯ ವೆಸ್ಟ್‌ಫೀಲ್ಡ್‌ನಲ್ಲಿ. ಅಣ್ಣನೊಬ್ಬ ಕ್ಷಯರೋಗದಿಂದ ಎಳೆವಯಸ್ಸಿನಲ್ಲೇ ತೀರಿಕೊಂಡಿದ್ದ. ಕಾಲೇಜು ಖರ್ಚಿಗೆ ಸಿಕ್ಕಿದ ಕೆಲಸವನ್ನೆಲ್ಲ ಮಾಡಿದರು. ಪ್ರಾಣಿಶಾಸ್ತ್ರದ ಪ್ರಯೋಗಾಲಯಕ್ಕೆ ಬೀದಿ ಬೆಕ್ಕು ಹಿಡಿದು ಕೊಡುವುದೂ ಅದರಲ್ಲಿ ಒಂದು! 1933ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. ಸರ್ಜನ್ ಆಗಬೇಕೆಂಬ ಆಸೆ ಇತ್ತು. ಹೆಂಗಸು ಈ ಕಸುಬಿನಲ್ಲಿ ಹೊಟ್ಟೆ ಹೊರೆಯಲಾರಳೆಂದು ಅಲ್ಲಿನ ಹಿರಿಯ ಸರ್ಜನ್ ಅವರನ್ನು ಅರಿವಳಿಕೆಯ ಕಡೆಗೆ ತಿರುಗಿಸಿದರು. ಆಗ ಅರಿವಳಿಕೆ ಹೆಚ್ಚಾಗಿ ನರ್ಸುಗಳ ಕೆಲಸ, ವೈದ್ಯರಿಗೆ ಅದರಲ್ಲಿ ಮರ್ಯಾದೆ ಕಡಿಮೆ. 1938ರಿಂದ ಆ ವಿಭಾಗವನ್ನು ಕಟ್ಟಿ ಬೆಳೆಸಿದ್ದು ಇವರೇ. 1949ರಲ್ಲಿ ಅದು ಪ್ರತ್ಯೇಕ ಇಲಾಖೆಯಾದಾಗ ಮುಖ್ಯಸ್ಥನ ಕುರ್ಚಿ ಮಾತ್ರ ಗಂಡಸಿಗೆ ಹೋಯಿತು. ಇವರು ಆ ವೈದ್ಯ ಕಾಲೇಜಿನ ಮೊದಲ ಮಹಿಳಾ ಪ್ರೊಫೆಸರ್ ಆಗಿ, ಹೆರಿಗೆ ಕೋಣೆಯ ಅರಿವಳಿಕೆಗೆ ಹೊರಟುಹೋದರು. ಆ ಅನ್ಯಾಯದಿಂದ ಲೋಕಕ್ಕೆ ಲಾಭವಾಯಿತು ಎನ್ನಲು ಮನಸ್ಸು ಒಪ್ಪುವುದಿಲ್ಲ, ಆದರೂ ನಡೆದದ್ದು ಹಾಗೆಯೇ.

ಆ ಕಾಲದ ಹೆರಿಗೆ ಕೋಣೆಯಲ್ಲಿ ಎಲ್ಲರ ಕಣ್ಣೂ ತಾಯಿಯ ಮೇಲೆ. ನೀಲಿಗಟ್ಟಿ ಅಳದೆ ಬಿದ್ದ ಕೂಸನ್ನು ಉಳಿಯದು ಎಂದು ಬದಿಗಿಡುವುದೂ ಇತ್ತು. ಒಂದು ಬೆಳಿಗ್ಗೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ವಿದ್ಯಾರ್ಥಿಯೊಬ್ಬ ಹುಟ್ಟಿದ ಮಗುವಿನ ಸ್ಥಿತಿ ಅಳೆಯುವುದು ಹೇಗೆ ಎಂದು ಕೇಳಿದನಂತೆ. ಆಪ್ಗರ್ ಕೈಗೆ ಸಿಕ್ಕಿದ ಚೀಟಿಯ ಮೇಲೆ ಐದು ಸಂಗತಿ ಗೀಚಿದರು: ಎದೆಬಡಿತ, ಉಸಿರಾಟ, ಕೈಕಾಲಿನ ಬಿಗಿ, ಕೆಣಕಿದರೆ ಮಗು ತೋರುವ ಪ್ರತಿಕ್ರಿಯೆ, ಮೈಬಣ್ಣ. ಒಂದೊಂದಕ್ಕೆ 0, 1 ಅಥವಾ 2 ಅಂಕ, ಒಟ್ಟು 10. ಹುಟ್ಟಿದ ಒಂದು ನಿಮಿಷಕ್ಕೆ ನೋಡಬೇಕು. ಐದನೇ ನಿಮಿಷದ ಎಣಿಕೆ ಆಮೇಲೆ ಸೇರಿತು. 1953ರಲ್ಲಿ ಇದು ಪ್ರಕಟವಾಯಿತು. ಯಂತ್ರ ಬೇಡ, ಹಣ ಬೇಡ, ಕಣ್ಣು ಕಿವಿ ಇದ್ದರೆ ಸಾಕು. ಅಂಕ ಬರೆಯಬೇಕಾದ್ದರಿಂದ ಯಾರಾದರೊಬ್ಬರು ಮಗುವಿನ ಕಡೆ ನೋಡಲೇಬೇಕಾಯಿತು. (ಇದು ಪರೀಕ್ಷೆಯ ಮಾರ್ಕಲ್ಲ. 7 ಬಂದ ಮಗು ದಡ್ಡ, 9 ಬಂದದ್ದು ಜಾಣ ಎಂದು ಅರ್ಥವಿಲ್ಲ.)

ಅದೇ ಅಳತೆಗೋಲು ಅವರ ಕಡೆಗೂ ತಿರುಗಿತು. ಹೆರಿಗೆಯಲ್ಲಿ ತಾಯಿಗೆ ಸೈಕ್ಲೋಪ್ರೊಪೇನ್ ಎಂಬ ಅನಿಲ ಕೊಡುವುದು ಆಪ್ಗರ್ ಅವರಿಗೆ ಬಹಳ ಇಷ್ಟ. ಸಹೋದ್ಯೋಗಿಗಳೊಂದಿಗೆ ಮಕ್ಕಳ ರಕ್ತ ಪರೀಕ್ಷಿಸಿ ಅಂಕಗಳ ಜೊತೆ ತಾಳೆ ನೋಡಿದಾಗ, ಆ ಅನಿಲ ಪಡೆದ ತಾಯಂದಿರ ಮಕ್ಕಳು ಹೆಚ್ಚು ಮಂಕಾಗಿದ್ದುದು ಕಂಡಿತು. ಅಂದಿನಿಂದ ಅದನ್ನು ಕೈಬಿಟ್ಟರು.

ದಿನ ತುಂಬಿಯೂ ನೋವು ಬಾರದಾಗ ಕಾಯಬೇಕೇ, ಡ್ರಿಪ್ ಹಾಕಿ ಬರಿಸಬೇಕೇ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲೂ ಏಳುತ್ತದೆ. ಇದನ್ನು ಪರೀಕ್ಷಿಸುವ ಅಧ್ಯಯನಗಳು ಮಗುವಿನ ಸಾವು ಬದುಕಿನ ಜೊತೆ ಐದನೇ ನಿಮಿಷದ ಆಪ್ಗರ್ ಅಂಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. 2019ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ ಎರಡು ಗುಂಪು. ಒಂದೊಂದರಲ್ಲಿ ಸುಮಾರು 1380 ತಾಯಂದಿರು. 41 ವಾರಕ್ಕೆ ನೋವು ಬರಿಸಿದವರಲ್ಲಿ ಒಂದು ಮಗುವೂ ಸಾಯಲಿಲ್ಲ. 42 ವಾರದವರೆಗೆ ಕಾಯುವ ಗುಂಪಿನಲ್ಲಿ 6 ಮಕ್ಕಳು ಹೋದವು. ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು.

1959ರಲ್ಲಿ ಆಪ್ಗರ್ ಆಸ್ಪತ್ರೆ ಬಿಟ್ಟು, ಹುಟ್ಟು ದೋಷಗಳ ತಡೆಗೆ ದುಡಿಯುವ ಮಾರ್ಚ್ ಆಫ್ ಡೈಮ್ಸ್ ಸಂಸ್ಥೆ ಸೇರಿ ಊರೂರು ತಿರುಗಿದರು. ಮದುವೆಯಾಗಲಿಲ್ಲ. ದಾರಿಯಲ್ಲಿ ಯಾರಿಗಾದರೂ ಉಸಿರು ಕಟ್ಟಿದರೆ ಬೇಕಾದೀತೆಂದು ಚೀಲದಲ್ಲಿ ಚಾಕು, ಕೊಳವೆ ಇಟ್ಟುಕೊಂಡೇ ಓಡಾಡುತ್ತಿದ್ದರು. ಪಿಟೀಲಿನಂಥ ವಾದ್ಯ ನುಡಿಸುವುದಷ್ಟೇ ಅಲ್ಲ, ತಾವೇ ಕೆತ್ತುತ್ತಿದ್ದರು. ಆಸ್ಪತ್ರೆಯ ಟೆಲಿಫೋನ್ ಬೂತಿನ ಮೇಪಲ್ ಹಲಗೆ ಮೆಚ್ಚಿ, ಗೆಳತಿಯೊಡನೆ ರಾತ್ರಿ ಹೋಗಿ ಕಿತ್ತು ತಂದದ್ದೂ ಉಂಟು.

1974ರ ಆಗಸ್ಟ್ 7ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು. 1994ರಲ್ಲಿ ಅಮೆರಿಕ ಅವರ ಅಂಚೆಚೀಟಿ ಹೊರಡಿಸಿತು. ಆ ಸಮಾರಂಭದಲ್ಲಿ ವೈದ್ಯರು ನುಡಿಸಿದ್ದು ಆಪ್ಗರ್ ಕೆತ್ತಿದ ವಾದ್ಯಗಳನ್ನೇ. ಬೂತಿನ ಹಲಗೆಯಿಂದ ಮಾಡಿದ ವಯೋಲಾವೂ ಅದರಲ್ಲಿತ್ತು.